ಬೆಳಗಿನ ನಡುಕ: ನಗರದ ಹೈಬ್ರಿಡ್ ಕಾರಿನ 1.5 ಲೀಟರ್ ಪೆಟ್ರೋಲ್ ಎಂಜಿನ್ನಿನ ಒಂದು ಪ್ರಕರಣ

ಕಾರು ಓಡಿದ್ದು 1,86,000 ಕಿಲೋಮೀಟರ್, ವಯಸ್ಸು ಹನ್ನೊಂದು ವರ್ಷ. ದೂರು ಒಂದೇ. ಬೆಳಗ್ಗೆ ಮೊದಲ ಸಲ ಎಂಜಿನ್ ಸ್ಟಾರ್ಟ್ ಆದಾಗ ಇಡೀ ಕಾರು ಹತ್ತು-ಹದಿನೈದು ಸೆಕೆಂಡು ಗಡಗಡ ನಡುಗುತ್ತದೆ, ಬಾನೆಟ್ ಒಳಗಿಂದ ಸುತ್ತಿಗೆಯಲ್ಲಿ ಬಡಿದಂಥ ಸದ್ದು ಬರುತ್ತದೆ, ಆಮೇಲೆ ಏನೂ ಆಗಿಲ್ಲವೇನೋ ಎಂಬಂತೆ ಸರಿಹೋಗುತ್ತದೆ. ದಿನವಿಡೀ ಮತ್ತೆ ಆ ಸುಳಿವಿಲ್ಲ. ಮೈಲೇಜ್ ತುಸು ಇಳಿದಿದೆ. ಎರಡು ತಿಂಗಳಲ್ಲಿ ಕೂಲಂಟ್ (ಎಂಜಿನ್ ತಣಿಸುವ ದ್ರವ) ಡಬ್ಬಿಯಲ್ಲಿ ಸುಮಾರು 200 ಮಿಲಿಲೀಟರ್ ಕಡಿಮೆಯಾಗಿದೆ. ನೆಲದ ಮೇಲೆ ಒಂದು ಹನಿಯೂ ಬಿದ್ದಿಲ್ಲ.

ಗುಟ್ಟೆಲ್ಲ ಇರುವುದು ಈ ಕೊನೆಯ ಮಾತಿನಲ್ಲಿ. ಆದರೆ ಅದು ಎಲ್ಲರ ಗಮನಕ್ಕೆ ಬಂದಿದ್ದೂ ಕೊನೆಗೇ.

ಕಾರು ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಈ ಬಗೆಯ ಎಂಜಿನ್‌ಗಳಲ್ಲಿ ಪದೇ ಪದೇ ಕಾಣುವ ದೋಷಗಳ ಸರಣಿಯನ್ನು ಒಂದೇ ಕಾರಿನ ಮೇಲೆ ಕೂಡಿಸಿ ಬರೆದ ಮಾದರಿ ಪ್ರಕರಣ ಇದು. ಕಾರಿನ ಲೆಕ್ಕಗಳು ಮಾದರಿಯವು. ಪರೀಕ್ಷೆ ಮತ್ತು ರಿಪೇರಿಯ ಕ್ರಮ ಮಾತ್ರ ವರ್ಕ್‌ಶಾಪಿನಲ್ಲಿ ನಡೆಯುವಂಥದ್ದೇ.

ಎಂಜಿನ್ ಎಂಥದ್ದು

ನಾಲ್ಕು ಸಿಲಿಂಡರ್, ಪೋರ್ಟ್ ಇಂಜೆಕ್ಷನ್, ಟೈಮಿಂಗ್ ಚೈನ್. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾದ ಮೊದಲ ಪ್ರಿಯಸ್‌ಗೆ ಹಾಕಿದ್ದು 1,497 ಸಿಸಿಯ ಇಂಥದೇ ಎಂಜಿನ್. ಶಕ್ತಿ ಬರೀ 43 ಕಿಲೋವ್ಯಾಟ್, ಅದೂ 4,000 ಆರ್‌ಪಿಎಂನಲ್ಲಿ. ಅದೇ ಬೋರ್ (ಸಿಲಿಂಡರಿನ ವ್ಯಾಸ, 75 ಮಿ.ಮೀ.), ಅದೇ ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ, 84.7 ಮಿ.ಮೀ.) ಉಳಿಸಿಕೊಂಡು 2011-12ರ ಹೊತ್ತಿಗೆ ಇದು ಸಣ್ಣ ನಗರ ಕಾರುಗಳಿಗೆ ಬಂದಾಗ ಶಕ್ತಿ 54 ಕಿಲೋವ್ಯಾಟ್‌ಗೆ ಏರಿತ್ತು. ಜೊತೆಗೆ ಎರಡು ಹೊಸ ಅಂಗಗಳು ಸೇರಿದ್ದವು: ಕೂಲರ್ ಇರುವ ಇಜಿಆರ್ (ಎಂಜಿನ್ನಿನ ಹೊಗೆಯ ಒಂದು ಪಾಲನ್ನು ಮತ್ತೆ ಒಳಕ್ಕೆ ಕಳಿಸುವ ವ್ಯವಸ್ಥೆ) ಮತ್ತು ವಿದ್ಯುತ್ ವಾಟರ್ ಪಂಪ್. ನಮ್ಮ ಪ್ರಕರಣದ ಎಂಜಿನ್ ಈ ಎರಡನೆಯ ಪೀಳಿಗೆಯ ಧಾಟಿಯದು.

ಇದು ಅಟ್ಕಿನ್ಸನ್ ಸೈಕಲ್ ಎಂಜಿನ್. ಜೇಮ್ಸ್ ಅಟ್ಕಿನ್ಸನ್ ಎಂಬ ಬ್ರಿಟಿಷ್ ಎಂಜಿನಿಯರ್ 1880ರ ದಶಕದಲ್ಲಿ ಕಡ್ಡಿ-ಕೀಲುಗಳ ಜಟಿಲ ಜೋಡಣೆಯಿಂದ ಮಾಡಿದ್ದನ್ನು ಇಲ್ಲಿ ವಾಲ್ವ್ ಟೈಮಿಂಗ್ ಒಂದರಿಂದಲೇ ಮಾಡಿದ್ದಾರೆ. ಪಿಸ್ಟನ್ ಮೇಲೇರತೊಡಗಿದ ಮೇಲೂ ಇನ್‌ಟೇಕ್ ವಾಲ್ವ್ ಕೆಲಕಾಲ ತೆರೆದೇ ಇರುತ್ತದೆ. ಒಳಗೆ ಬಂದ ಗಾಳಿಯಲ್ಲಿ ಒಂದು ಪಾಲು ಮ್ಯಾನಿಫೋಲ್ಡ್‌ಗೆ (ಗಾಳಿ ಒಳತರುವ ಕೊಳವೆಗಳಿಗೆ) ವಾಪಸ್ ಹೋಗುತ್ತದೆ. ಲೆಕ್ಕಕ್ಕೆ ಕಂಪ್ರೆಷನ್ ಅನುಪಾತ 13.4:1 ಇದ್ದರೂ ನಿಜವಾಗಿ ಒತ್ತಿಕೊಳ್ಳುವ ಗಾಳಿ ಕಡಿಮೆ, ಸುಟ್ಟ ಅನಿಲ ಹಿಗ್ಗುವ ದಾರಿ ಮಾತ್ರ ಪೂರ್ತಿ ಉದ್ದ. ಇಂಧನ ಉಳಿಯುವುದು ಇಲ್ಲಿ. ಆದರೆ ವರ್ಕ್‌ಶಾಪಿನವರು ಇದರಿಂದ ನೆನಪಿಡಬೇಕಾದ ಮಾತು ಬೇರೆ ಎರಡಿವೆ. ಒಂದು, ಕಂಪ್ರೆಷನ್ ಗೇಜ್ ಹಾಕಿದರೆ ಇಂಥ ಎಂಜಿನ್‌ನಲ್ಲಿ 9 ಬಾರ್ ಸುತ್ತಮುತ್ತ ಬಂದರೆ ಅದು ಆರೋಗ್ಯವೇ. ಸಾಮಾನ್ಯ ಪೆಟ್ರೋಲ್ ಎಂಜಿನ್ನಿನ 12-13 ಬಾರ್ ನೋಡಿ ಅಭ್ಯಾಸವಾದ ಕಣ್ಣು ಇದನ್ನು ಕಂಡು ‘ರಿಂಗ್ ಹೋಗಿದೆ’ ಎಂದುಬಿಡುತ್ತದೆ. ಎರಡು, ಸಿಲಿಂಡರಿನಿಂದ ವಾಪಸ್ ಬರುವ ಗಾಳಿ ತನ್ನ ಜೊತೆ ಇಂಧನದ ಆವಿಯನ್ನೂ ಎಣ್ಣೆಯ ಮಂಜನ್ನೂ ಹೊತ್ತು ತಂದು ಮ್ಯಾನಿಫೋಲ್ಡಿನ ಗೋಡೆಗೆ ಹಚ್ಚುತ್ತದೆ.

ಬೆಲ್ಟ್ ಒಂದೂ ಇಲ್ಲ. ಸ್ಟಾರ್ಟರ್ ಮೋಟಾರಿಲ್ಲ, ಆಲ್ಟರ್ನೇಟರ್ ಇಲ್ಲ. ಎಸಿ ಕಂಪ್ರೆಸರ್, ಪವರ್ ಸ್ಟೀರಿಂಗ್ ಎಲ್ಲ ವಿದ್ಯುತ್ತಿನದೇ. ಎಂಜಿನ್ನನ್ನು ತಿರುಗಿಸಿ ಎಬ್ಬಿಸುವುದು ಟ್ರಾನ್ಸ್ಆ್ಯಕ್ಸಲ್ (ಶಕ್ತಿಯನ್ನು ಚಕ್ರಗಳಿಗೆ ಸಾಗಿಸುವ ಗೇರ್ ಪೆಟ್ಟಿಗೆ) ಒಳಗಿನ ದೊಡ್ಡ ಮೋಟಾರ್-ಜನರೇಟರ್. ವೇಗ ಸುಮಾರು 1,000 ಆರ್‌ಪಿಎಂ ಮುಟ್ಟಿದ ಮೇಲೆಯೇ ಪೆಟ್ರೋಲ್ ಸಿಂಪಡಿಸಿ ಕಿಡಿ ಕೊಡುತ್ತದೆ. ಅಷ್ಟರಲ್ಲಿ ಬೇರಿಂಗ್‌ಗಳಿಗೆ ಎಣ್ಣೆಯ ಒತ್ತಡ ಏರಿರುತ್ತದೆ. ಹಾಗಾಗಿ ದಿನಕ್ಕೆ ನೂರು ಸಲ ನಿಂತು ಶುರುವಾದರೂ ಬೇರಿಂಗ್ ಸವೆಯುವುದು ಬಲು ನಿಧಾನ.

ಹಾಗಾದರೆ ಹಾಳಾಗುವುದು ಯಾವುದು? ಈ ಕಾರಿನ ಬಳಕೆಯನ್ನು ಲೆಕ್ಕ ಹಾಕಿ ನೋಡಿ. ಒಂದು ಪ್ರಯಾಣ ಸರಾಸರಿ 6 ಕಿಲೋಮೀಟರ್. ಅಂದರೆ ಈವರೆಗೆ 31,000 ಪ್ರಯಾಣಗಳು. ಸರಾಸರಿ ವೇಗ ಗಂಟೆಗೆ 22 ಕಿಲೋಮೀಟರ್ ಎಂದರೆ ರಸ್ತೆಯ ಮೇಲೆ 8,400 ಗಂಟೆ. ಎಂಜಿನ್ ತಿರುಗಿದ್ದು ಅದರಲ್ಲಿ ಅರ್ಧ ಎಂದಿಟ್ಟುಕೊಳ್ಳಿ. ಆ ಅರ್ಧದಲ್ಲೂ ದೊಡ್ಡ ಪಾಲು ಎಂಜಿನ್ ಇನ್ನೂ ಬಿಸಿಯಾಗುತ್ತಿರುವಾಗ ಕಳೆದದ್ದು. ಕೂಲಂಟ್ 70 ಡಿಗ್ರಿ ಮುಟ್ಟುವ ಹೊತ್ತಿಗೆ ಕಾರು ಮನೆಯ ಮುಂದೆ ನಿಂತಿರುತ್ತದೆ. ಎಣ್ಣೆ ಬಿಸಿಯಾಗುವುದು ಕೂಲಂಟಿಗಿಂತಲೂ ನಿಧಾನ. ಅದರಲ್ಲಿ ಸೇರಿದ ನೀರು, ಪೆಟ್ರೋಲ್ ಆವಿಯಾಗಿ ಹೋಗಲು ಅವಕಾಶವೇ ಸಿಗುವುದಿಲ್ಲ. ಇಂಥ ಬದುಕಿನಲ್ಲಿ ಎಂಜಿನ್ ಸವೆಯುವುದಕ್ಕೆ ಮೊದಲೇ ಮಸಿ ಹಿಡಿಯುತ್ತದೆ. ಇದು ಈ ಪ್ರಕರಣದ ಬೆನ್ನೆಲುಬು.

ದಾರಿ ತಪ್ಪಿಸಿದ ಗುರುತುಗಳು

ಮೊದಲ ಸ್ಕ್ಯಾನಿನಲ್ಲಿ ಸಿಕ್ಕ ಕೋಡ್‌ಗಳು ಎರಡು: ಪಿ0300 (ಯಾವ ಸಿಲಿಂಡರ್ ಎಂದು ಗೊತ್ತಾಗದ ಮಿಸ್‌ಫೈರ್) ಮತ್ತು ಪಿ0301 (ಒಂದನೇ ಸಿಲಿಂಡರಿನ ಮಿಸ್‌ಫೈರ್). ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ‘ಮಿಸ್ಸಿಂಗ್’, ಅಂದರೆ ಸಿಲಿಂಡರ್ ಸರಿಯಾಗಿ ಉರಿಯದಿರುವುದು. ಎಲ್ಲರೂ ಮಾಡುವುದನ್ನೇ ಇಲ್ಲೂ ಮಾಡಿದರು: ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. 1,86,000 ಕಿಲೋಮೀಟರಿಗೆ ಪ್ಲಗ್ ಬದಲಿಸಿದ್ದರಲ್ಲಿ ತಪ್ಪೇನಿಲ್ಲ, ನಾಲ್ಕು ದಿನ ನಡುಕ ಕಡಿಮೆಯಾಯಿತು ಕೂಡ. ಆಮೇಲೆ ಯಥಾಪ್ರಕಾರ. ಒಂದನೇ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಒಂದಕ್ಕೆ ಹಾಕಿ ನೋಡಿದರು. ಮಿಸ್‌ಫೈರ್ ಒಂದರಲ್ಲೇ ಉಳಿಯಿತು. ಇಂಜೆಕ್ಟರನ್ನೂ ಹಾಗೆಯೇ ಅದಲುಬದಲು ಮಾಡಿದರು. ಆಗಲೂ ಅಲ್ಲಿಯೇ. ಇಷ್ಟಾದ ಮೇಲೆ ವಿದ್ಯುತ್ತಿನ ಕಡೆ ಹುಡುಕುವುದನ್ನು ಬಿಡಬೇಕಿತ್ತು.

ಬಡಿತದ ಸದ್ದು ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸಿತು. ಕೇಳಿದವರು ‘ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದೆ, ಎಂಜಿನ್ ಮುಗಿಯಿತು’ ಎಂದರು (ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕಡ್ಡಿಯೇ ಕನೆಕ್ಟಿಂಗ್ ರಾಡ್). ನಿಜವಾಗಿ ಬಡಿಯುತ್ತಿದ್ದುದು ಎಂಜಿನ್ ಮತ್ತು ಟ್ರಾನ್ಸ್ಆ್ಯಕ್ಸಲ್ ನಡುವಿನ ಡ್ಯಾಂಪರ್. ಈ ಕಾರುಗಳಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ, ಕ್ಲಚ್ ಇಲ್ಲ. ಎಂಜಿನ್ನಿನ ಮಿಡಿತವನ್ನು ನುಂಗಿಕೊಳ್ಳಲು ಇರುವುದು ಸ್ಪ್ರಿಂಗ್ ಇರುವ ಒಂದು ತಟ್ಟೆ. ಒಂದು ಸಿಲಿಂಡರ್ ಉರಿಯದಿದ್ದರೆ ಆ ಸ್ಪ್ರಿಂಗ್‌ಗಳು ತುದಿಮುಟ್ಟ ಒತ್ತಿಕೊಂಡು ತಡೆಗೆ ಬಡಿಯುತ್ತವೆ. ರಾಡ್ ಬಡಿತವಾಗಿದ್ದರೆ ಎಂಜಿನ್ ಬಿಸಿಯಾದ ಮೇಲೆ, ಎಣ್ಣೆ ತೆಳುವಾದ ಮೇಲೆ ಜೋರಾಗಬೇಕು. ಇಲ್ಲಿ ಬಿಸಿಯಾದ ಮೇಲೆ ಸದ್ದೇ ಇಲ್ಲ.

ಮೂರನೆಯದು ಎಣ್ಣೆ ಹಾಕುವ ಮುಚ್ಚಳದ ಕೆಳಗಿನ ಬಿಳಿ ಕೆನೆ. ಅದನ್ನು ನೋಡಿದ ಕೂಡಲೇ ‘ಹೆಡ್ ಗ್ಯಾಸ್ಕೆಟ್’ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಸಿಲಿಂಡರ್ ಹೆಡ್ ನಡುವಿನ ಸೀಲು) ಹೋಗಿದೆ ಎನ್ನುವ ರೂಢಿ ಇದೆ. ಈ ಪ್ರಕರಣದಲ್ಲಿ ತೀರ್ಪು ಸರಿಯಿತ್ತು, ಸಾಕ್ಷಿ ತಪ್ಪಾಗಿತ್ತು! ಸದಾ ಸಣ್ಣ ದೂರ ಓಡುವ ಕಾರಿನಲ್ಲಿ ಆ ಕೆನೆ ಬರೀ ಆವಿ ತಣಿದು ಎಣ್ಣೆಯೊಡನೆ ಕಲೆತದ್ದು. ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿದರೆ ಮಾಯವಾಗುತ್ತದೆ. ಡಿಪ್‌ಸ್ಟಿಕ್ಕಿನ ಎಣ್ಣೆಯೇ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಮಾತು ಬೇರೆ. ಇಲ್ಲಿ ತಿರುಗಿರಲಿಲ್ಲ.

ಪತ್ತೆಯಾದ ಬಗೆ

ಹೊಸ ಪ್ಲಗ್ ಹಾಕಿ ಮೂರು ವಾರವಾದ ಮೇಲೆ ಅವನ್ನು ಬಿಚ್ಚಿ ಸಾಲಾಗಿ ಇಟ್ಟರು. ಎರಡು, ಮೂರು, ನಾಲ್ಕನೆಯವು ಕಂದು ಬಣ್ಣಕ್ಕಿದ್ದವು. ಒಂದನೆಯದು ತೊಳೆದಿಟ್ಟಂತೆ ಬೆಳ್ಳಗೆ. ಸಣ್ಣ ಬೋರೋಸ್ಕೋಪ್ ಕ್ಯಾಮೆರಾ ಇಳಿಸಿ ನೋಡಿದಾಗಲೂ ಅದೇ ಕಥೆ. ಮೂರು ಪಿಸ್ಟನ್‌ಗಳ ನೆತ್ತಿ ಕಪ್ಪು, ಒಂದನೆಯದರ ಒಂದು ಅಂಚು ಬೆಳ್ಳಿಯಂತೆ ಹೊಳೆಯುತ್ತಿತ್ತು. ಕೂಲಂಟ್ ಹನಿ ಉರಿಯಲ್ಲಿ ಆವಿಯಾಗಿ ಮಸಿಯನ್ನು ಕಿತ್ತುಹಾಕುವುದರಿಂದ ಹೀಗಾಗುತ್ತದೆ.

ಇದನ್ನು ಖಚಿತಪಡಿಸಲು ಮಾಡಿದ ಮೂರು ಪರೀಕ್ಷೆಗಳಲ್ಲಿ ಎರಡು ‘ಗ್ಯಾಸ್ಕೆಟ್ ಚೆನ್ನಾಗಿದೆ’ ಎಂದವು. ಕಂಪ್ರೆಷನ್ ನಾಲ್ಕೂ ಸಿಲಿಂಡರಿನಲ್ಲಿ 8.7ರಿಂದ 9.0 ಬಾರ್, ಸಿಲಿಂಡರುಗಳ ನಡುವೆ 1 ಬಾರ್‌ವರೆಗಿನ ವ್ಯತ್ಯಾಸ ನಡೆಯುತ್ತದೆ, ಇಲ್ಲಿ ಅದರ ಮೂರನೇ ಒಂದು ಭಾಗವೂ ಇಲ್ಲ. ಸುಟ್ಟ ಅನಿಲ ಕೂಲಂಟಿಗೆ ಸೇರುತ್ತಿದೆಯೇ ಎಂದು ನೋಡುವ ನೀಲಿ ದ್ರವದ ಪರೀಕ್ಷೆಯಲ್ಲಿ ನೀಲಿ ನೀಲಿಯಾಗಿಯೇ ಉಳಿಯಿತು, ಹಳದಿಗೆ ತಿರುಗಲಿಲ್ಲ. ಸೋರಿಕೆ ಕೂದಲೆಳೆಯಷ್ಟು ಸಣ್ಣದಿದ್ದಾಗ ಈ ಎರಡೂ ಪರೀಕ್ಷೆಗಳು ಕುರುಡು. ಗ್ಯಾಸ್ಕೆಟ್ ಪೂರ್ತಿ ಹರಿದ ಎಂಜಿನ್ನಿಗೆ ಅವು ಸರಿ, ಆದರೆ ಆ ಹಂತ ತಲುಪಿದ ಮೇಲೆ ಪರೀಕ್ಷೆಯ ಅಗತ್ಯವೇನಿದೆ?

ಸತ್ಯ ಹೇಳಿದ್ದು ಮೂರನೆಯದು, ರಾತ್ರಿಯಿಡೀ ಒತ್ತಡ ನಿಲ್ಲಿಸುವ ಪರೀಕ್ಷೆ. ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಆರಿಸಿ, ಮುಚ್ಚಳ ತೆಗೆಯುವಷ್ಟು ತಣಿಯಲು ಬಿಟ್ಟು (ಬಿಸಿಯಿದ್ದಾಗ ತೆಗೆದರೆ ಕೈ-ಮುಖ ಸುಡುತ್ತದೆ), ರೇಡಿಯೇಟರ್ ಮುಚ್ಚಳದ ಜಾಗದಲ್ಲಿ ಕೈಪಂಪ್ ಕೂರಿಸಿ 1.1 ಬಾರ್ ಏರಿಸಿದರು. ಮುಚ್ಚಳ ತಾನಾಗಿ ತೆರೆಯುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ಮೇಲೆ ಹೋಗಬಾರದು. ಹತ್ತು ನಿಮಿಷ ಮುಳ್ಳು ಅಲ್ಲಾಡಲಿಲ್ಲ. ವರ್ಕ್‌ಶಾಪ್‌ಗಳಲ್ಲಿ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ‘ಲೀಕ್ ಇಲ್ಲ’ ಎಂದು ಬರೆದುಬಿಡುತ್ತಾರೆ. ಇಲ್ಲಿ ಹತ್ತು ತಾಸು ಹಾಗೆಯೇ ಬಿಟ್ಟು ಬೆಳಗ್ಗೆ ನೋಡಿದಾಗ ಒತ್ತಡ 0.8 ಬಾರ್‌ಗೆ ಇಳಿದಿತ್ತು. ಕೂಲಂಟ್ ತಣಿದು ಕುಗ್ಗಿದಾಗಲೂ ಒತ್ತಡ ಸ್ವಲ್ಪ ಇಳಿಯುತ್ತದೆ, ಆದ್ದರಿಂದ ಗೇಜನ್ನೊಂದೇ ನಂಬುವಂತಿಲ್ಲ. ಪ್ಲಗ್ ಬಿಚ್ಚಿ ಕ್ಯಾಮೆರಾ ಇಳಿಸಿದರೆ ಒಂದನೇ ಪಿಸ್ಟನ್ನಿನ ನೆತ್ತಿಯ ಮೇಲೆ ಗುಲಾಬಿ ಬಣ್ಣದ ಒಂದು ಸಣ್ಣ ಕೊಳ.

ಬೆಳಗಿನ ನಡುಕದ ಲೆಕ್ಕ ಇದರಿಂದ ಸರಿಹೋಯಿತು. ಕಾರು ನಿಲ್ಲಿಸಿದ ಮೇಲೂ ಕೂಲಂಟ್ ವ್ಯವಸ್ಥೆಯಲ್ಲಿ ಕೆಲಕಾಲ ಒತ್ತಡ ಇರುತ್ತದೆ, ಸಿಲಿಂಡರಿನಲ್ಲಿ ಇರುವುದಿಲ್ಲ. ಹನಿಹನಿಯಾಗಿ ಕೂಲಂಟ್ ಒಳಗೆ ಜಿನುಗುತ್ತದೆ. ಮೊದಲ ಸ್ಟಾರ್ಟಿನಲ್ಲಿ ಆ ಸಿಲಿಂಡರ್ ಉರಿಯದೆ, ನೀರು ಆವಿಯಾಗಿ ಹೊರಹೋಗುವವರೆಗೂ ಕಾರು ನಡುಗುತ್ತದೆ. ಎಂಜಿನ್ ಬಿಸಿಯಾದ ಮೇಲೆ ಲೋಹ ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತದೆ.

ಎರಡು ತಿಂಗಳಿಗೆ 200 ಮಿಲಿಲೀಟರ್ ಎಂದರೆ ದಿನಕ್ಕೆ ಮೂರು-ಮೂರೂವರೆ ಮಿಲಿಲೀಟರ್. ಸಣ್ಣದೆನಿಸುತ್ತದೆ. ಆದರೆ ಈ ಎಂಜಿನ್ನಿನ ಒಂದು ಸಿಲಿಂಡರ್ 374 ಸಿಸಿ, 13.4:1 ಅನುಪಾತಕ್ಕೆ ಪಿಸ್ಟನ್ ಪೂರ್ತಿ ಮೇಲೇರಿದಾಗ ಉಳಿಯುವ ಜಾಗ ಬರೀ 30 ಸಿಸಿ. ಅಷ್ಟು ದ್ರವ ಸೇರಿದರೆ ಪಿಸ್ಟನ್ ಮೇಲೇರಲು ಜಾಗವೇ ಇಲ್ಲ, ದ್ರವವಂತೂ ಒತ್ತಿದರೆ ಕುಗ್ಗುವುದಿಲ್ಲ. ಸಾಮಾನ್ಯ ಕಾರಿನ ಸ್ಟಾರ್ಟರ್ ಅಂಥ ಕಡೆ ಒದ್ದಾಡಿ ನಿಲ್ಲುತ್ತದೆ. ಹೈಬ್ರಿಡ್ಡಿನ ಮೋಟಾರ್-ಜನರೇಟರ್ ಬಲಶಾಲಿ. ಅದು ನಿಲ್ಲದೆ ತಿರುಗಿಸಿ ಕನೆಕ್ಟಿಂಗ್ ರಾಡನ್ನೇ ಬಗ್ಗಿಸಿಬಿಡುತ್ತದೆ. ‘ಬೆಳಗ್ಗೆ ಸ್ವಲ್ಪ ನಡುಗುತ್ತದೆ ಅಷ್ಟೇ’ ಎಂದು ತಿಂಗಳುಗಟ್ಟಲೆ ಓಡಿಸಿದ ಎಂಜಿನ್‌ಗಳ ಗತಿ ಹೀಗಾಗುತ್ತದೆ.

ಗ್ಯಾಸ್ಕೆಟ್ ಹೋದದ್ದೇಕೆ

ಗ್ಯಾಸ್ಕೆಟ್ ಬದಲಿಸಿ ಕಾರಣ ಬಿಟ್ಟರೆ ಅದೇ ಕೆಲಸ ಮತ್ತೆ ಬರುತ್ತದೆ. ಮೊದಲು ಅನುಮಾನ ಪಟ್ಟದ್ದು ವಿದ್ಯುತ್ ವಾಟರ್ ಪಂಪಿನ ಮೇಲೆ. ಅದು ನಿಂತರೆ ಎಂಜಿನ್ ಕೆಲವೇ ನಿಮಿಷದಲ್ಲಿ ಅತಿಯಾಗಿ ಬಿಸಿಯಾಗುತ್ತದೆ, ಬೆಲ್ಟ್ ಕಿರುಗುಟ್ಟುವ ಮುನ್ಸೂಚನೆಯೂ ಇರುವುದಿಲ್ಲ. ಸ್ಕ್ಯಾನರಿನಲ್ಲಿ ಪಂಪಿನ ವೇಗ ಕೇಳಿದಷ್ಟೇ ಬರುತ್ತಿತ್ತು, ಹಳೆಯ ಕೋಡೂ ಇರಲಿಲ್ಲ. ಪಂಪ್ ಸರಿ. ಕೂಲಂಟ್ ಮಾತ್ರ ಕಂಪನಿ ತುಂಬಿದ ಮೊದಲಿನದೇ. ಈ ಗುಲಾಬಿ ಬಣ್ಣದ ದೀರ್ಘಾಯುಷ್ಯದ ಕೂಲಂಟನ್ನು ಮೊದಲ ಸಲ 1,60,000 ಕಿಲೋಮೀಟರಿಗೆ, ಆಮೇಲೆ ಪ್ರತಿ 80,000 ಕಿಲೋಮೀಟರಿಗೆ ಬದಲಿಸಬೇಕು. ‘ಲೈಫ್‌ಟೈಮ್ ಕೂಲಂಟ್’ ಎಂದುಕೊಂಡು ಬಿಟ್ಟಿದ್ದರು.

ಮುಖ್ಯ ಆರೋಪಿ ಸಿಕ್ಕಿದ್ದು ಇಜಿಆರ್‌ನಲ್ಲಿ. ಎಂಜಿನ್ನಿನ ಹೊಗೆಯಲ್ಲಿ ಒಂದು ಪಾಲನ್ನು ತಣಿಸಿ ಮತ್ತೆ ಒಳಕ್ಕೆ ಕಳಿಸುವುದು ಇದರ ಕೆಲಸ. ಅದರಿಂದ ಉರಿಯ ತಾಪ ಇಳಿಯುತ್ತದೆ, ನಾಕಿಂಗ್ (ಇಂಧನ ತಾನಾಗಿ ಸಿಡಿದು ಬಡಿಯುವುದು) ತಪ್ಪುತ್ತದೆ, ಅಷ್ಟು ಎತ್ತರದ ಕಂಪ್ರೆಷನ್ ಅನುಪಾತವನ್ನು ಸಾಮಾನ್ಯ ಪೆಟ್ರೋಲಿನಲ್ಲೇ ನಡೆಸಬಹುದು. ಹೊಗೆ ಕೂಲರಿನ ತೆಳು ರೆಕ್ಕೆಗಳ ಸಂದಿಯಲ್ಲಿ ಹಾದು, ಇಜಿಆರ್ ವಾಲ್ವ್ ದಾಟಿ, ಪ್ಲಾಸ್ಟಿಕ್ ಮ್ಯಾನಿಫೋಲ್ಡಿನೊಳಗೆ ನಾಲ್ಕು ಸಣ್ಣ ರಂಧ್ರಗಳ ಮೂಲಕ ನಾಲ್ಕು ಸಿಲಿಂಡರಿಗೆ ಹಂಚಿಕೆಯಾಗುತ್ತದೆ. ಎಂಜಿನ್ ಅರೆಬಿಸಿಯಿದ್ದಾಗ ಕೂಲರಿನಲ್ಲಿ ಹೊಗೆಯ ನೀರು ಹನಿಗಟ್ಟುತ್ತದೆ. ಒಣ ಮಸಿ ಗಾಳಿಗೆ ಹಾರಿಹೋದೀತು. ನೀರು ಮತ್ತು ಎಣ್ಣೆ ಸೇರಿದ ಮಸಿ ಡಾಂಬರಿನಂತೆ ಅಂಟುತ್ತದೆ. ಈ ಕಾರು 4,000 ಕಿಲೋಮೀಟರಿಗೆ ಒಂದು ಲೀಟರ್ ಎಣ್ಣೆಯನ್ನೂ ಸುಡುತ್ತಿತ್ತು. ಘರ್ಷಣೆ ಕಡಿಮೆಯಿರಲೆಂದು ಸಡಿಲ ಬಿಗಿತದ ಪಿಸ್ಟನ್ ರಿಂಗ್ ಹಾಕುತ್ತಾರೆ. ಎಣ್ಣೆ ರಿಂಗಿನ ಸಂದಿಯಲ್ಲಿ ಅಂಟು ಕೂತರೆ ಅದು ಗೋಡೆಯ ಎಣ್ಣೆಯನ್ನು ಕೆರೆಯದೆ ಬಿಡುತ್ತದೆ. ಸುಟ್ಟ ಎಣ್ಣೆ ಮಸಿಯನ್ನು ಇನ್ನಷ್ಟು ಹೆಚ್ಚಿಸಿತು.

ಬಿಚ್ಚುವ ಮೊದಲು ಸ್ಕ್ಯಾನರಿನಲ್ಲೇ ನೋಡಬಹುದು. ಅದಕ್ಕೆ ಎಂಜಿನ್ ನಿಲ್ಲದೆ ಓಡುತ್ತಿರಬೇಕು. ಹೈಬ್ರಿಡ್ ತಾನಾಗಿ ನಿಂತುಬಿಡುವುದರಿಂದ ಮೆಂಟೆನೆನ್ಸ್ ಮೋಡ್‌ಗೆ ಹಾಕಬೇಕು. ಈ ಕಾರಿನಲ್ಲಿ ಬ್ರೇಕ್ ಒತ್ತದೆ ಇಗ್ನಿಷನ್ ಆನ್ ಮಾಡಿ, 60 ಸೆಕೆಂಡಿನೊಳಗೆ ಪಾರ್ಕ್‌ನಲ್ಲಿ ಆಕ್ಸಲರೇಟರನ್ನು ಪೂರ್ತಿ ಎರಡು ಸಲ, ನ್ಯೂಟ್ರಲ್‌ನಲ್ಲಿ ಎರಡು ಸಲ, ಮತ್ತೆ ಪಾರ್ಕ್‌ನಲ್ಲಿ ಎರಡು ಸಲ ತುಳಿದು, ಆಮೇಲೆ ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಬೇಕು. ಎಂಜಿನ್ ಸುಮಾರು 1,000 ಆರ್‌ಪಿಎಂನಲ್ಲಿ ನಿಲ್ಲದೆ ಓಡುತ್ತದೆ. ಈಗ ಸ್ಕ್ಯಾನರಿನಿಂದ ಇಜಿಆರ್ ವಾಲ್ವ್ ತೆರೆಯಬೇಕು. ದಾರಿ ಸ್ವಚ್ಛವಿದ್ದರೆ ಮ್ಯಾನಿಫೋಲ್ಡ್ ಒತ್ತಡ 10 ಕಿಲೋಪ್ಯಾಸ್ಕಲ್ ಆಸುಪಾಸು ಏರಿ ಎಂಜಿನ್ ಏದುಸಿರು ಬಿಡುತ್ತದೆ, ಕೆಲವೊಮ್ಮೆ ಆರಿಯೇ ಹೋಗುತ್ತದೆ. ಇಲ್ಲಿ ಏರಿದ್ದು 2. ಎಂಜಿನ್ನಿಗೆ ಏನೂ ಅನಿಸಲಿಲ್ಲ. ಹೀಗಿದ್ದೂ ಇಜಿಆರ್ ಹರಿವು ಕಡಿಮೆಯೆಂದು ಸೂಚಿಸುವ ಪಿ0401 ಕೋಡ್ ಬಂದಿರಲಿಲ್ಲ. ಕಾರಿನ ಕಂಪ್ಯೂಟರ್ ಆ ಪರೀಕ್ಷೆ ಮಾಡಿಕೊಳ್ಳಲು ಎಂಜಿನ್ ಬಿಸಿಯಾಗಿರಬೇಕು, ಓಟವೂ ಒಂದೇ ಸಮ ಇರಬೇಕು. 6 ಕಿಲೋಮೀಟರಿನ ಪ್ರಯಾಣದಲ್ಲಿ ಅಂಥ ಅವಕಾಶ ಸಿಗುವುದು ಅಪರೂಪ. ಕೋಡ್ ಇಲ್ಲ ಎಂದ ಮಾತ್ರಕ್ಕೆ ಇಜಿಆರ್ ಚೆನ್ನಾಗಿದೆ ಎಂದುಕೊಳ್ಳಬಾರದು.

ಬಿಚ್ಚಿದಾಗ ಕೂಲರನ್ನು ಬೆಳಕಿಗೆ ಹಿಡಿದರೆ ಆಚೆ ಕಾಣಲಿಲ್ಲ. ಮ್ಯಾನಿಫೋಲ್ಡಿನ ನಾಲ್ಕು ರಂಧ್ರಗಳಲ್ಲಿ ಒಂದನೇ ಸಿಲಿಂಡರಿನದು ಪೂರ್ತಿ ಮುಚ್ಚಿತ್ತು, ಎರಡನೆಯದು ಅರ್ಧ, ಉಳಿದೆರಡು ಹೆಚ್ಚುಕಡಿಮೆ ತೆರೆದಿದ್ದವು. ಗ್ಯಾಸ್ಕೆಟ್ ಬಿಟ್ಟುಕೊಂಡದ್ದೂ ಒಂದನೇ ಸಿಲಿಂಡರಿನ ಪಕ್ಕದಲ್ಲೇ. ಇಲ್ಲಿ ಎಚ್ಚರದಿಂದ ಮಾತಾಡಬೇಕು. ಇಜಿಆರ್ ಕಟ್ಟಿದ್ದರಿಂದಲೇ ಗ್ಯಾಸ್ಕೆಟ್ ಹೋಯಿತು ಎಂದು ಒಂದು ಕಾರು ನೋಡಿ ಪ್ರಮಾಣ ಮಾಡುವುದು ದುಡುಕು. ಆದರೆ ದಾರಿ ಸ್ಪಷ್ಟವಿದೆ: ತಣಿದ ಹೊಗೆ ಸಿಗದ ಸಿಲಿಂಡರ್ ಉಳಿದವಕ್ಕಿಂತ ಬಿಸಿಯಾಗಿ ಉರಿಯುತ್ತದೆ, ನಾಕಿಂಗ್ ಅಂಚಿನಲ್ಲೇ ಬದುಕುತ್ತದೆ, ಆ ಬದಿಯ ಹೆಡ್ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಇದರ ಮೇಲೆ ದಿನಕ್ಕೆ ಹಲವು ಸಲ ಬಿಸಿ-ತಂಪು, ತುಕ್ಕುತಡೆಯುವ ಗುಣ ಕಳೆದುಕೊಂಡ ಹಳೆಯ ಕೂಲಂಟ್. ಮೂರೂ ಸೇರಿ ಗ್ಯಾಸ್ಕೆಟ್ಟಿನ ಅಂಚನ್ನು ತಿಂದವು ಎನ್ನುವುದೇ ನಮ್ಮ ತೀರ್ಮಾನ.

ರಿಪೇರಿ

ಸೋರಿಕೆ ಮುಚ್ಚುವ ದ್ರವವನ್ನು ಕೂಲಂಟಿಗೆ ಸುರಿಯುವ ಸಲಹೆ ಬಂದಿತ್ತು. ಬೇಡವೇ ಬೇಡ. ಅದು ಗ್ಯಾಸ್ಕೆಟ್ಟಿನ ಬಿರುಕು ಯಾವುದು, ಹೀಟರಿನ ಸಣ್ಣ ಕೊಳವೆ ಯಾವುದು ಎಂದು ನೋಡಿ ಕೂರುವುದಿಲ್ಲ. ವಿದ್ಯುತ್ ಪಂಪಿನೊಳಗೂ ಕೂರುತ್ತದೆ.

ಮೊದಲ ಕೆಲಸ ಸುರಕ್ಷತೆ. ಕಾರು ‘ರೆಡಿ’ ಸ್ಥಿತಿಯಲ್ಲಿ ಸದ್ದಿಲ್ಲದೆ ಇದ್ದು ಯಾವಾಗ ಬೇಕಾದರೂ ಎಂಜಿನ್ ತಿರುಗಿಸಬಹುದು, ಆದ್ದರಿಂದ ಸ್ಮಾರ್ಟ್ ಕೀಯನ್ನು ಕಾರಿನಿಂದ ದೂರ ಇಡಬೇಕು. 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಕಳಚಿ, 1,000 ವೋಲ್ಟ್ ತಡೆಯುವ ರಬ್ಬರ್ ಕೈಗವಸು ತೊಟ್ಟು ದೊಡ್ಡ ಬ್ಯಾಟರಿಯ ಸರ್ವಿಸ್ ಪ್ಲಗ್ ಎಳೆದು ಜೇಬಿನಲ್ಲಿ ಇಟ್ಟುಕೊಂಡು, ಇನ್ವರ್ಟರಿನ ಕೆಪ್ಯಾಸಿಟರ್ ಖಾಲಿಯಾಗಲು 10 ನಿಮಿಷ ಕಾಯಬೇಕು. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಅಲ್ಲಿಯವರೆಗೆ ಮುಟ್ಟಬಾರದು.

ವೈಪರ್ ಮತ್ತು ಅದರ ಕೆಳಗಿನ ತಟ್ಟೆ, ಮ್ಯಾನಿಫೋಲ್ಡ್, ಇಜಿಆರ್ ಕೂಲರ್, ವಾಲ್ವ್ ಕವರ್, ಟೈಮಿಂಗ್ ಕವರ್, ಚೈನ್, ಕ್ಯಾಮ್‌ಶಾಫ್ಟ್‌ಗಳು, ಆಮೇಲೆ ಹೆಡ್. ಹತ್ತು ಹೆಡ್ ಬೋಲ್ಟ್‌ಗಳನ್ನು ಹೊರಗಿನಿಂದ ಒಳಕ್ಕೆ, ಹಲವು ಸುತ್ತಿನಲ್ಲಿ ಸಡಿಲಿಸಬೇಕು. ಒಮ್ಮೆಲೇ ಬಿಟ್ಟರೆ ಹೆಡ್ ಸೊಟ್ಟಗಾಗುತ್ತದೆ. ಹೆಡ್ ಇಳಿಸಿದ ಮೇಲೆ ಮೊದಲು ನೋಡಿದ್ದು ರಾಡ್ ಬಗ್ಗಿದೆಯೇ ಎಂದು. ಪ್ರತಿ ಪಿಸ್ಟನ್ನನ್ನು ಪೂರ್ತಿ ಮೇಲೆ ತಂದು, ಬ್ಲಾಕಿನ ಮೇಲ್ಮೈಯಿಂದ ಅದರ ನೆತ್ತಿಗೆ ಡಯಲ್ ಗೇಜ್ ಹಿಡಿದರು. ನಾಲ್ಕರ ನಡುವಿನ ವ್ಯತ್ಯಾಸ 0.03 ಮಿ.ಮೀ. ಮಾತ್ರ. ಒಂದು ಪಿಸ್ಟನ್ ಉಳಿದವಕ್ಕಿಂತ ಎದ್ದು ಕಾಣುವಷ್ಟು ಕೆಳಗೆ ನಿಂತಿದ್ದರೆ ಹೊಸ ಗ್ಯಾಸ್ಕೆಟ್ ಹಾಕುವುದು ವ್ಯರ್ಥವಾಗುತ್ತಿತ್ತು.

ಹೆಡ್ಡಿನ ಸಮತಲವನ್ನು ನೇರ ಪಟ್ಟಿ ಮತ್ತು ಫೀಲರ್ ಗೇಜ್‌ನಿಂದ ಉದ್ದ, ಅಗಲ, ಕರ್ಣ ಎಂದು ಆರು ಕಡೆ ಅಳೆದರು: ಹೆಚ್ಚೆಂದರೆ 0.03 ಮಿ.ಮೀ. ಮಿತಿ 0.05. ಮಷೀನಿಂಗ್ ಬೇಕಾಗಲಿಲ್ಲ. ಹಳೆಯ ಗ್ಯಾಸ್ಕೆಟ್ಟಿನ ಕುರುಹು ತೆಗೆಯಲು ಬಳಸಿದ್ದು ಪ್ಲಾಸ್ಟಿಕ್ ಕೆರೆಯುವ ಪಟ್ಟಿ ಮತ್ತು ದ್ರಾವಕ. ತಿರುಗುವ ಸ್ಯಾಂಡಿಂಗ್ ಡಿಸ್ಕ್ ಹಾಕಿದರೆ ಎರಡು ಅನಾಹುತ: ಪದರಪದರವಾದ ಉಕ್ಕಿನ ಗ್ಯಾಸ್ಕೆಟ್‌ಗೆ ಬೇಕಾದ ನುಣುಪು ಹಾಳಾಗುತ್ತದೆ, ಡಿಸ್ಕಿನ ಪುಡಿ ಎಣ್ಣೆಯ ದಾರಿ ಸೇರಿ ಬೇರಿಂಗ್ ತಿನ್ನುತ್ತದೆ. ಒಳ್ಳೆಯ ಗ್ಯಾಸ್ಕೆಟ್ ಹಾಕಿಯೂ ಸಾವಿರ ಕಿಲೋಮೀಟರಿನಲ್ಲಿ ಎಂಜಿನ್ ಬಡಿಯತೊಡಗಿದರೆ ಹೆಚ್ಚಾಗಿ ಈ ಪುಡಿಯದೇ ಕೈವಾಡ. ಬೋಲ್ಟ್ ಗುಳಿಗಳಲ್ಲಿ ನಿಂತ ಎಣ್ಣೆ-ಕೂಲಂಟನ್ನು ಪೂರ್ತಿ ಹೀರಿ ತೆಗೆದರು. ಬಿಟ್ಟರೆ ಬೋಲ್ಟ್ ಬಿಗಿಯುವಾಗ ಆ ದ್ರವದ ಒತ್ತಡಕ್ಕೆ ಬ್ಲಾಕೇ ಬಿರಿಯಬಹುದು.

ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟ್. ಎಳೆಗಳಿಗೆ ತೆಳುವಾಗಿ ಎಂಜಿನ್ ಎಣ್ಣೆ ಸವರಿ, ನಡುವಿನಿಂದ ಹೊರಕ್ಕೆ ಕ್ರಮವಾಗಿ ಮೊದಲ ಸುತ್ತು 29 ನ್ಯೂಟನ್ ಮೀಟರ್. ಬೋಲ್ಟ್ ತಲೆಗೆ ಬಣ್ಣದ ಚುಕ್ಕೆ ಇಟ್ಟು ಎರಡನೇ ಸುತ್ತು 90 ಡಿಗ್ರಿ, ಮೂರನೇ ಸುತ್ತು ಇನ್ನೂ 90 ಡಿಗ್ರಿ. ಈ ಸಂಖ್ಯೆಗಳು ಈ ಎಂಜಿನ್ನಿನವು. ಇದರ ಅಣ್ಣನಂತಿರುವ 1.8 ಲೀಟರ್ ಎಂಜಿನ್ನಿಗೂ ಇದನ್ನೇ ಅನ್ವಯಿಸಿದರೆ ಕೆಲಸ ಕೆಡುತ್ತದೆ. ಟೈಮಿಂಗ್ ಕವರಿಗೆ ಸೀಲಂಟ್ ಹಚ್ಚಿದ 3 ನಿಮಿಷದೊಳಗೆ ಕೂರಿಸಿ, 2 ಗಂಟೆ ಎಣ್ಣೆ ತುಂಬದೆ ಬಿಟ್ಟರು.

ಇಜಿಆರ್ ಕೂಲರನ್ನು ಬಿಸಿನೀರಿಗೆ ಸೋಡಿಯಂ ಪರ್ಕಾರ್ಬನೇಟ್ ಪುಡಿ ಬೆರೆಸಿ ರಾತ್ರಿ ನೆನೆಹಾಕಿ, ಎರಡೂ ಕಡೆಯಿಂದ ನೀರು ಹಾಯಿಸಿ, ಮತ್ತೆ ನೆನೆಹಾಕಿದರು. ಒಂದು ಲೀಟರ್ ನೀರು ಹಾಯಲು ಮೊದಲು 40 ಸೆಕೆಂಡ್ ಬೇಕಾಗಿತ್ತು, ಮೂರನೇ ಸುತ್ತಿನ ನಂತರ ಸುರಿದಷ್ಟೇ ವೇಗದಲ್ಲಿ ಹೋಯಿತು. ಕೂಲರ್ ಸ್ಟೇನ್‌ಲೆಸ್ ಉಕ್ಕಿನದು, ತಡೆಯುತ್ತದೆ. ವಾಲ್ವಿನ ಮೈ ಅಲ್ಯೂಮಿನಿಯಂ ಆದ್ದರಿಂದ ಕ್ಷಾರದಲ್ಲಿ ಮುಳುಗಿಸಬಾರದು, ಅದರ ಮೋಟಾರಿಗೆ ದ್ರವ ತಾಗಲೇಬಾರದು. ಬ್ರಷ್ ಮತ್ತು ಕಾರ್ಬುರೇಟರ್ ಕ್ಲೀನರ್ ಸಾಕು. ಮ್ಯಾನಿಫೋಲ್ಡಿನ ನಾಲ್ಕೂ ರಂಧ್ರಗಳನ್ನು ನೈಲಾನ್ ಬ್ರಷ್ಷಿನಿಂದ ತೆರೆದು, ಗಾಳಿ ಹಾಯಿಸಿ, ಒಣಗಿಸಿ ಹಾಕಿದರು. ಪಿಸಿವಿ ವಾಲ್ವ್ (ಎಂಜಿನ್ನಿನ ಕೆಳಭಾಗದ ಆವಿಯನ್ನು ಮ್ಯಾನಿಫೋಲ್ಡಿಗೆ ಬಿಡುವ ಕವಾಟ) ಹೊಸದು.

ಕೂಲಂಟ್ ತುಂಬಿಸಲು ವ್ಯಾಕ್ಯೂಮ್ ಉಪಕರಣ ಬಳಸಿದರೆ ಗಾಳಿಗುಳ್ಳೆಯ ಕಾಟ ತಪ್ಪುತ್ತದೆ. ಅದಿಲ್ಲದಿದ್ದರೆ ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಮೆಂಟೆನೆನ್ಸ್ ಮೋಡಿನಲ್ಲಿ ಓಡಿಸಿ, ತಣಿಸಿ, ತುಂಬಿಸಿ, ಎರಡು-ಮೂರು ಸಲ ಹೀಗೆಯೇ. ಗಾಳಿ ಉಳಿದರೆ ವಿದ್ಯುತ್ ಪಂಪ್ ಗುಡುಗುಡು ಎನ್ನುತ್ತದೆ, ಹೀಟರಿನಿಂದ ತಣ್ಣನೆ ಗಾಳಿ ಬರುತ್ತದೆ. ಎಣ್ಣೆಯನ್ನು ಕೂಡಲೇ ಒಮ್ಮೆ, 500 ಕಿಲೋಮೀಟರಿಗೆ ಇನ್ನೊಮ್ಮೆ ಬದಲಿಸಿದರು, ದರ್ಜೆ 0ಡಬ್ಲ್ಯೂ-20.

ನಂತರದ ಅಳತೆಗಳು

ರಾತ್ರಿಯ ಒತ್ತಡ ಪರೀಕ್ಷೆ ಮತ್ತೆ ಮಾಡಿದಾಗ ತಾಪ ಇಳಿದದ್ದಕ್ಕೆ ತಕ್ಕಷ್ಟೇ ಇಳಿಕೆ, ನಾಲ್ಕೂ ಪಿಸ್ಟನ್ ನೆತ್ತಿ ಒಣ. ಇಜಿಆರ್ ತೆರೆದಾಗ ಮ್ಯಾನಿಫೋಲ್ಡ್ ಒತ್ತಡ 11 ಕಿಲೋಪ್ಯಾಸ್ಕಲ್ ಏರಿತು, ಎಂಜಿನ್ ಆರಿಯೇ ಹೋಯಿತು. ಆರಿದ್ದಕ್ಕೆ ಸಂತೋಷಪಡುವ ಅಪರೂಪದ ಸಂದರ್ಭ ಇದು. ಹತ್ತು ದಿನ ಬೆಳಗಿನ ಮೊದಲ ಸ್ಟಾರ್ಟಿನ ಮಿಸ್‌ಫೈರ್ ಎಣಿಕೆ ಸೊನ್ನೆ. 3,000 ಕಿಲೋಮೀಟರ್ ಓಡಿದರೂ ಕೂಲಂಟ್ ಮಟ್ಟ ಗುರುತು ಬಿಟ್ಟು ಕದಲಲಿಲ್ಲ. ಎಣ್ಣೆ ಸುಡುವುದು ಮಾತ್ರ ಹಾಗೆಯೇ ಉಳಿದಿದೆ. ರಿಂಗ್ ಬದಲಿಸಲು ಪಿಸ್ಟನ್ ತೆಗೆಯಬೇಕು. ಅಷ್ಟು ದೂರ ಹೋಗದೆ ಪ್ರತಿ 1,000 ಕಿಲೋಮೀಟರಿಗೆ ಡಿಪ್‌ಸ್ಟಿಕ್ ನೋಡುವುದೆಂದು ನಿರ್ಧಾರವಾಯಿತು. ಕ್ಯಾಟಲಿಟಿಕ್ ಕನ್ವರ್ಟರ್ ಬದುಕಿದೆಯೇ ಎಂದು ಹಿಂದಿನ ಆಕ್ಸಿಜನ್ ಸೆನ್ಸರಿನ ಅಲೆ ನೋಡಿದರು. ನೇರವಾಗಿತ್ತು, ಸದ್ಯಕ್ಕೆ ಚೆನ್ನಾಗಿದೆ.

ಈ ಬಳಕೆಗೆ ಒಪ್ಪುವ ನಿರ್ವಹಣೆ ಕಂಪನಿಯ ಪುಸ್ತಕದ ಸಾಮಾನ್ಯ ಪಟ್ಟಿಗಿಂತ ಬಿಗಿಯಾಗಿರಬೇಕು. ಎಣ್ಣೆ 10,000ದ ಬದಲು 6,000 ಕಿಲೋಮೀಟರಿಗೆ ಅಥವಾ ಆರು ತಿಂಗಳಿಗೆ. ಇಜಿಆರ್ ಒತ್ತಡದ ಪರೀಕ್ಷೆ ವರ್ಷಕ್ಕೊಮ್ಮೆ, ಕೂಲರ್ ಬಿಚ್ಚಿ ತೊಳೆಯುವುದು 60,000-80,000 ಕಿಲೋಮೀಟರಿಗೆ. ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿ ಓಟ. ಎಣ್ಣೆಯಲ್ಲಿನ ನೀರು, ಪೆಟ್ರೋಲ್ ಆರಲು ಅಷ್ಟು ಬೇಕು. ಥರ್ಮೋಸ್ಟಾಟ್ ತೆರೆದೇ ನಿಂತು ಎಂಜಿನ್ ಬಿಸಿಯಾಗದಿದ್ದರೆ ಬರುವ ಪಿ0128 ಕೋಡನ್ನು ‘ತಂಪಾಗಿದ್ದರೆ ಒಳ್ಳೆಯದೇ’ ಎಂದು ಅಳಿಸಿ ಸುಮ್ಮನಾಗಬಾರದು. ಎಣ್ಣೆ ಮಂಜು ಹಿಡಿಯುವ ಕ್ಯಾಚ್ ಕ್ಯಾನ್ ಹಾಕುವವರಿದ್ದಾರೆ. ತಪ್ಪದೆ ಖಾಲಿ ಮಾಡುವವರಿಗೆ ಅದರಿಂದ ಸ್ವಲ್ಪ ಲಾಭ, ಮರೆಯುವವರಿಗೆ ಇಲ್ಲದ ತೊಂದರೆ.

ಹೊಸ ಪೀಳಿಗೆಯಲ್ಲಿ ನಾಲ್ಕರ ಜಾಗಕ್ಕೆ ಮೂರು ಸಿಲಿಂಡರ್ ಬಂದಿದೆ. 2020ರ ಟೊಯೋಟಾ ಯಾರಿಸ್ ಹೈಬ್ರಿಡ್‌ನದು 1,490 ಸಿಸಿ, ಕಂಪ್ರೆಷನ್ 14:1. 2016ರ ನಿಸ್ಸಾನ್ ನೋಟ್ ಇ-ಪವರ್‌ನಲ್ಲಿ 1.2 ಲೀಟರಿನ ಮೂರು ಸಿಲಿಂಡರ್ ಎಂಜಿನ್ ಚಕ್ರಕ್ಕೆ ಸೇರುವುದೇ ಇಲ್ಲ, ಜನರೇಟರ್ ಮಾತ್ರ ತಿರುಗಿಸುತ್ತದೆ. ಜೋಡಣೆ ಏನೇ ಇರಲಿ, ಎಂಜಿನ್ ಬಿಸಿಯೇರುವ ಮೊದಲೇ ಆರಿಹೋಗುವ ಬಳಕೆಯಿದ್ದಲ್ಲಿ ನೋಡಬೇಕಾದ ಜಾಗಗಳು ಇವೇ: ಎಣ್ಣೆ, ಪಿಸಿವಿ, ಮತ್ತು ಇಜಿಆರ್ ಇದ್ದರೆ ಅದು.

ಹೆಡ್ ಇಳಿಸುವ ಕೆಲಸಕ್ಕೆ ಅಂಜಿ ಹಳೆಯ ಕಾರಿನಿಂದ ಕಳಚಿದ ಎಂಜಿನ್ ತಂದು ಕೂರಿಸುವ ದಾರಿಯೂ ಇದೆ. ರಾಡ್ ಬಗ್ಗಿದ್ದರೆ ಹೆಚ್ಚಾಗಿ ಹಿಡಿಯುವುದು ಅದೇ ದಾರಿ. ಆ ಎಂಜಿನ್ನೂ ಇಂಥದೇ ನಗರದಲ್ಲಿ ಇಂಥದೇ ಓಟ ಓಡಿರುವ ಸಾಧ್ಯತೆ ಹೆಚ್ಚು, ಆದ್ದರಿಂದ ನೆಲದ ಮೇಲಿರುವಾಗಲೇ ಅದರ ನಾಲ್ಕೂ ಪ್ಲಗ್ ಬಿಚ್ಚಿ ಕ್ಯಾಮೆರಾ ಇಳಿಸಬೇಕು, ಕೂಲರನ್ನು ಬೆಳಕಿಗೆ ಹಿಡಿದು ನೋಡಬೇಕು. ಪಿಸ್ಟನ್ ನೆತ್ತಿ ಎಲ್ಲಾದರೂ ಹೊಳೆಯುತ್ತಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಇನ್ನೊಂದನ್ನು ಹುಡುಕಬೇಕು.